ವಸಂತಾ ಮೇಡಂ ಮತ್ತು ನಾನು ತೊಳೆದ ಬಟ್ಟಲು

ಕಾಟನ್ ಸೀರೆ ಉಟ್ಟವರನ್ನು ಬಿಟ್ಟರೆ ಬೇರೆ ಹೆಂಗಸರನ್ನು ವಸಂತಾ ಮೇಡಂ ತಮ್ಮ ಲ್ಯಾಬಿನೊಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು, ಥೇಟ್ ಬಟ್ಟೆ ಅಂಗಡಿಯಲ್ಲಿ ನೋಡುವ ಹಾಗೆ. ನಾನು ಕೆಲಸಕ್ಕೆ ಸೇರಿದ ದಿನ ಇರುವುದರಲ್ಲೇ ಚೆನ್ನಾಗಿರಲಿ ಎಂದು ಮಗಳ ನಾಮಕರಣಕ್ಕೆ ತೆಗೆದಿದ್ದ ಪಾಲಿಯೆಸ್ಟರ್ ಸೀರೆ ಉಟ್ಟು ಹೋಗಿದ್ದೆ. ಅವರು ಉಜ್ಜಿ ನೋಡಿ, ನನ್ನ ಮುಖ ನೋಡಿ, "ನಿಮ್ಮ ಸೀರೆ ಚೆನ್ನಾಗಿದೆ ಗೌರಮ್ಮ. ಅದು ಒಳಗೆ ಬಂದ್ರೆ ಮಾತ್ರ ನಾವಿಬ್ರೂ ಆಚೆ ಬರಲ್ಲ" ಎಂದರು. ಒಳಗೆ ಹೈಡ್ರೋಜನ್ ಎಂಬ ಗ್ಯಾಸ್ ಇದೆ, ಪಾಲಿಯೆಸ್ಟರ್ ಉಜ್ಜಿದರೆ ಕಣ್ಣಿಗೆ ಕಾಣದಂಥ ಕಿಡಿ ಬರುತ್ತದೆ, ಅಷ್ಟೇ ಸಾಕು ಎಂದು ಆಮೇಲೆ ಬಿಡಿಸಿ ಹೇಳಿದರು. ಮಾರನೆಯ ದಿನ ಎರಡು ಕಾಟನ್ ಸೀರೆ ತಂದುಕೊಟ್ಟರು. ಎರಡೂ ಒಂದೇ ಬಣ್ಣ. ಅವರಿಗೆ ಬಣ್ಣದ ಮೇಲೆ ಗಮನವೇ ಇರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ವಿಭಾಗದ ಕಸ ಗುಡಿಸಿ, ಲ್ಯಾಬಿನ ಪಾತ್ರೆ ತೊಳೆಯುವ ಕೆಲಸ. ಶ್ರೀರಾಂಪುರದ ನಮ್ಮ ಮನೆಯಿಂದ ಅಲ್ಲಿಗೆ ನಡೆದೇ ಹೋಗುತ್ತಿದ್ದೆ. ಇದನ್ನೆಲ್ಲ ಬರೆಯುವಷ್ಟು ದೊಡ್ಡವಳು ನಾನಲ್ಲ. ಆದರೆ ಈಗ ನನ್ನ ಮೊಮ್ಮಗಳು ಹುಟ್ಟಿ ನಲವತ್ತು ದಿನ. ಬರೆಯುತ್ತಿರುವಾಗ ನನ್ನ ಮಡಿಲಲ್ಲೇ ಮಲಗಿದ್ದಾಳೆ. ಮಗಳು ಮಂಜುಳಾಗೆ ಮದುವೆಯಾಗಿ ಹನ್ನೆರಡು ವರ್ಷಕ್ಕೆ, ಎರಡು ಸಲ ಕಳೆದುಕೊಂಡ ಮೇಲೆ ಸಿಕ್ಕ ಕೂಸು. ಅದು ಆಕಳಿಸುವುದನ್ನು ನೋಡುತ್ತಾ ನಿಂತು ಒಲೆಯ ಮೇಲಿನ ಹಾಲನ್ನು ಮೂರು ಸಲ ಉಕ್ಕಿಸಿದ್ದೇನೆ. ಹೂವಿನವಳಿಗೆ, ಹಾಲಿನವನಿಗೆ, ಕರೆಂಟ್ ಬಿಲ್ ಕೊಡಲು ಬಂದವನಿಗೂ ತೋರಿಸಿದ್ದೇನೆ. ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಆದರೆ ಇಂಥ ಸಂತೋಷವನ್ನು ನಾನು ಮೊದಲು ಹೇಳುತ್ತಿದ್ದ ನಂಬರಿನಲ್ಲಿ ಈಗ ಫೋನ್ ಎತ್ತುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇಡಂ ಮದುವೆಯಾಗಿರಲಿಲ್ಲ. ಕಾಲೇಜಿನಲ್ಲಿ ಹುಡುಗರು ಅವರನ್ನು ಪ್ಲಾಟಿನಂ ಮೇಡಂ ಎನ್ನುತ್ತಿದ್ದರು. ಮೂವತ್ತು ವರ್ಷ ಅವರು ಕೆಲಸ ಮಾಡಿದ್ದು ಪ್ಲಾಟಿನಂ ಮತ್ತು ಹೈಡ್ರೋಜನ್ ಎರಡರ ಮೇಲೇ. ಬೆಳಿಗ್ಗೆ ಬಂದವರು ಚಪ್ಪಲಿ ಬಿಟ್ಟು, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದ ಕೆಂಪು ಸಿಲಿಂಡರನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಇದೀರಾ?" ಎಂದು ಕೇಳಿ, ಆಮೇಲೇ ಅದರ ಮೀಟರಿನ ಮುಳ್ಳು ಎಷ್ಟರಲ್ಲಿದೆ ಎಂದು ನೋಡುತ್ತಿದ್ದರು. ಹೊಸದಾಗಿ ಬಂದ ಹುಡುಗಿಯರು ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದರು. ವರ್ಷ ಮುಗಿಯುವಷ್ಟರಲ್ಲಿ ಅವರೂ ತಟ್ಟುತ್ತಿದ್ದರು.

ಕೈಯಲ್ಲಿ ವಾಚು, ಕಿವಿಯಲ್ಲಿ ಸಣ್ಣ ಓಲೆ, ಅಷ್ಟೇ ಅವರ ಮೈಮೇಲೆ. ಒಂದು ದಿನ ನಾನೇ ಕೆಣಕಿದೆ, ಪ್ಲಾಟಿನಂ ಮೇಡಂ ಕಿವಿಯಲ್ಲಿ ಪ್ಲಾಟಿನಂ ಯಾಕಿಲ್ಲ ಅಂತ. ಅವರು ಪೆನ್ನು ಕೆಳಗಿಟ್ಟರು. "ಕಿವಿಗೆ ಹಾಕ್ಕೊಂಡ್ರೆ ದಂಡ ಗೌರಮ್ಮ. ಗಟ್ಟಿಯಾಗಿದ್ರೆ ಮೇಲಿರೋದಕ್ಕೆ ಮಾತ್ರ ಕೆಲಸ, ಒಳಗಿರೋದೆಲ್ಲ ಸುಮ್ನೆ ಕೂತಿರತ್ತೆ. ನಮ್ಮ ಸ್ಟಾಫ್ ರೂಂ ಥರ. ಪುಡಿ ಪುಡಿ ಮಾಡಿ, ನಾಲ್ಕು ನಾಲ್ಕು, ಐದೈದು ಕಣ ಬೇರೆ ಮಾಡಿದ್ರೆ ಒಂದಕ್ಕೂ ಬಿಡುವಿರಲ್ಲ." ನನಗೆ ಅರ್ಥವಾದದ್ದು ಸ್ಟಾಫ್ ರೂಮಿನದಷ್ಟೇ.

ಅವರು ಯಾರನ್ನೂ ನೇರವಾಗಿ ಬೈದದ್ದು ನಾನು ನೋಡಿಲ್ಲ. ಲೆಕ್ಕ ತಪ್ಪು ಮಾಡಿದ ಹುಡುಗನನ್ನು ಕರೆದು ನನ್ನನ್ನು ತೋರಿಸುತ್ತಿದ್ದರು. "ಗೌರಮ್ಮ ಒಂದು ಮೂಲೆ ಬಿಡದೆ ಗುಡಿಸ್ತಾರೆ. ನೀವು ಮೂರು ಅಂಕಿ ಬಿಟ್ಟಿದೀರಿ" ಎನ್ನುತ್ತಿದ್ದರು. ಓದಿದವರ ಮುಂದೆ ನನ್ನ ಹೆಸರು ಹಾಗೆ ಹೇಳಿದವರು ನನ್ನ ಜನ್ಮದಲ್ಲಿ ಅವರೊಬ್ಬರೇ. ನಾನು ಅವತ್ತು ಪಾತ್ರೆಯನ್ನು ಇನ್ನೂ ಎರಡು ಸಲ ಜಾಸ್ತಿ ತಿಕ್ಕುತ್ತಿದ್ದೆ. ಆ ತಿಕ್ಕುವುದೇ ಅವರಿಗೆ ಮುಳುವಾಯಿತು.

ಅವರು ರಿಟೈರ್ ಆಗುವುದಕ್ಕೆ ಒಂದು ವರ್ಷ ಇತ್ತು. ಮೂರು ತಿಂಗಳು ಕೂತು, ಊಟ ತಿಂಡಿ ನೋಡದೆ, ಅವರು ಒಂದು ಸ್ಯಾಂಪಲ್ ಮಾಡಿದ್ದರು. ದೋಣಿಯಾಕಾರದ ಪುಟ್ಟ ಪಿಂಗಾಣಿ ಬಟ್ಟಲು, ನನ್ನ ಹೆಬ್ಬೆರಳಿನಷ್ಟು ಉದ್ದ, ಅದರ ತಳದಲ್ಲಿ ಬೂದು ಬಣ್ಣದ ಪುಡಿ. ಆ ಪುಡಿಯಲ್ಲಿ ಪ್ಲಾಟಿನಂ ನಾಲ್ಕು ನಾಲ್ಕು ಕಣದ ಗುಂಪಾಗಿ ಕೂತಿತ್ತಂತೆ, ಒಂದು ಗುಂಪಿನ ಹಾಗೇ ಇನ್ನೊಂದು. ಹಾಗೆ ಮಾಡುವುದು ಬಹಳ ಕಷ್ಟವಂತೆ. ಅದನ್ನು ಬೇರೆ ಊರಿನ ಒಂದು ದೊಡ್ಡ ಯಂತ್ರಕ್ಕೆ ತೆಗೆದುಕೊಂಡು ಹೋಗಿ ನೋಡಬೇಕಿತ್ತು. ಆ ಯಂತ್ರದಲ್ಲಿ ಸರದಿ ಸಿಗಲು ಅವರು ಒಂದು ವರ್ಷ ಕಾದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನನಗೆ ಕಂಡದ್ದು ಸಿಂಕಿನ ಪಕ್ಕದ ತಟ್ಟೆಯಲ್ಲಿ ಒಂದು ಬಟ್ಟಲು, ತಳದಲ್ಲಿ ಸೀದ ಮಸಿ. ಆರಲಿ ಎಂದು ಅಲ್ಲಿಟ್ಟು ಅವರು ಫೋನ್ ಬಂತೆಂದು ಆಚೆ ಹೋಗಿದ್ದರು. ಸಿಂಕಿನ ಪಕ್ಕ ಇಟ್ಟದ್ದೆಲ್ಲ ತೊಳೆಯುವುದಕ್ಕೆ ಎನ್ನುವುದು ನಮ್ಮಲ್ಲಿದ್ದ ಪದ್ಧತಿ. ಪ್ಲಾಟಿನಂ ಎಂದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ ಎಂದುಕೊಂಡಿದ್ದವಳು ನಾನು. ಅಷ್ಟು ಸಣ್ಣದಾದರೆ ಅದು ಮಸಿಯ ಹಾಗೆ ಕಾಣುತ್ತದೆ ಎಂದು ಯಾರು ಹೇಳಿದ್ದರು? ತೆಂಗಿನ ನಾರಿಗೆ ಪಾತ್ರೆ ಪುಡಿ ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ಊಟದ ಡಬ್ಬಿಯಲ್ಲಿ ಹುಣಸೆಹಣ್ಣಿತ್ತು, ದೀಪದ ಕಂಬ ತಿಕ್ಕುವ ಹಾಗೆ ಅದನ್ನೂ ಹಾಕಿ ತಿಕ್ಕಿದೆ. ಬೆಳ್ಳಗಾಯಿತು. ಒರೆಸಿ, ಅಂಥವೇ ಇಪ್ಪತ್ತು ಬಟ್ಟಲುಗಳಿದ್ದ ಕಪಾಟಿನಲ್ಲಿ ಜೋಡಿಸಿಟ್ಟೆ.

ಅರ್ಧ ಗಂಟೆಯಲ್ಲಿ ಲ್ಯಾಬಿಗೆ ಲ್ಯಾಬೇ ಹುಡುಕುತ್ತಿತ್ತು. ಮೇಡಂ ಮೊಣಕಾಲೂರಿ ಮೇಜಿನ ಕೆಳಗೆ ನೋಡುತ್ತಿದ್ದರು. ಏನು ಹುಡುಕುತ್ತಿದ್ದಾರೆ ಎಂದು ಗೊತ್ತಾದಾಗ ನಾನು ಕಪಾಟಿಗೆ ಬೆನ್ನು ಕೊಟ್ಟು ನಿಂತೆ. ಅವರು ತಲೆಯೆತ್ತಿ, "ಗೌರಮ್ಮ, ಒಂದು ಬಟ್ಟಲು ನೋಡಿದ್ರಾ?" ಎಂದರು. ನಾನು ಇಲ್ಲ ಮೇಡಂ ಎಂದೆ.

ಅದೊಂದು ಮಾತು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಬಾಯಿಂದ ಜಾರಿದ್ದು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ನಾಳೆ ಎನ್ನುತ್ತಾ ಸರದಿಯ ದಿನ ಬಂದು ಹೋಯಿತು. ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ನಿಂತು ವಸಂತಾಗೆ ವಯಸ್ಸಾಯಿತು, ಎಲ್ಲಿ ಏನಿಟ್ಟೆ ಅನ್ನೋದು ನೆನಪಿರಲ್ಲ ಎಂದು ಹೇಳುತ್ತಿದ್ದರು, ನಾನು ಅವರ ಕಾಲ ಬುಡದಲ್ಲೇ ನೆಲ ಒರೆಸುತ್ತಿದ್ದೆ. ಮೇಡಂ ಅಲ್ಲಿಂದಾಚೆಗೆ ಎಲ್ಲದಕ್ಕೂ ಚೀಟಿ ಬರೆದು ಅಂಟಿಸತೊಡಗಿದರು. ಕಪಾಟಿಗೆ ಚೀಟಿ, ಬೀಗದ ಕೈಗೆ ಚೀಟಿ, ತಮ್ಮ ಡಬ್ಬಿಗೂ ಚೀಟಿ. ಒಂದು ಕೆಲಸ ಮಾಡಿ ಮೂರು ಸಲ ತಿರುಗಿ ನೋಡುತ್ತಿದ್ದರು. ಮತ್ತೆ ಅವರು ಸ್ಯಾಂಪಲ್ ಮಾಡಲಿಲ್ಲ. ಪಾಠ ಹೇಳಿಕೊಂಡು ವರ್ಷ ಮುಗಿಸಿದರು.

ಅವರು ರಿಟೈರ್ ಆದ ಮೇಲೆ ನಾನೂ ಕಾಲೇಜು ಬಿಟ್ಟೆ. ಅವರ ಮನೆಗೆ ಅಡುಗೆಗೆ ಹೋಗತೊಡಗಿದೆ. ಮಲ್ಲೇಶ್ವರದಲ್ಲೇ ಹಳೆಯ ಮನೆ, ಕೆಳಗೆ ತಮ್ಮ ರಘುನಾಥರ ಸಂಸಾರ, ಮೇಲೆ ಇವರೊಬ್ಬರೇ. ಬೇರೆ ಕಡೆ ಜಾಸ್ತಿ ಸಂಬಳಕ್ಕೆ ಕರೆದಿದ್ದರೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಮಂಜುಳಾ ಕೇಳಿದರೆ ಮೇಡಂ ಒಳ್ಳೆಯವರು ಎನ್ನುತ್ತಿದ್ದೆ. ಅದೂ ನಿಜವೇ.

ಆ ವರ್ಷ ಅವರೆಕಾಯಿ ಕಾಲದಲ್ಲಿ ಮಂಜುಳಾಗೆ ಎರಡನೇ ಸಲ ಬಸಿರು ನಿಲ್ಲಲಿಲ್ಲ. ಒಂದು ವಾರ ರಜೆ ಮಾಡಿ ಅವಳ ಜೊತೆಗಿದ್ದು, ಆಮೇಲೆ ಮೇಡಂ ಮನೆಗೆ ಹೋದೆ. ಮೇಡಂ ಏನೂ ಕೇಳದೆ ಮೂರು ಕೆಜಿ ಅವರೆಕಾಯಿ ತರಿಸಿಟ್ಟು, ಕಾಳು ಬಿಡಿಸಿ ನೆನೆಹಾಕಿದ್ದರು. ಹಿತಕಿದಬೇಳೆ ಮಾಡೋಣ ಎಂದು ಇಬ್ಬರೂ ನೆಲದ ಮೇಲೆ ಕೂತೆವು. ಕೈಗೆ ಕೆಲಸವಿದ್ದರೆ ಮನಸ್ಸು ಅತ್ತ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕಾಳು ಹಿಸುಕುತ್ತಾ ನಾನೇ ಕೇಳಿದೆ, ಅಷ್ಟು ವರ್ಷ ನೀವು ಅಲ್ಲಿ ಮಾಡುತ್ತಿದ್ದದ್ದು ಏನು ಮೇಡಂ ಅಂತ. ಅವರ ಮುಖ ಬೆಳಗಿತು. ತಟ್ಟೆಯಲ್ಲಿ ಮೂರು ಅವರೆಕಾಳಿಟ್ಟು ಅವುಗಳ ಮೇಲೆ ಒಂದನ್ನು ಕೂರಿಸಿದರು. ಇದು ಪ್ಲಾಟಿನಂ ಎಂದರು. ಆಮೇಲೆ ಎರಡು ಸಾಸಿವೆ ಕಾಳನ್ನು ಬೆರಳಿಗೆ ಅಂಟಿಸಿಕೊಂಡು ತಂದರು.

"ಹೈಡ್ರೋಜನ್ ಒಂಟಿಯಾಗಿ ಓಡಾಡಲ್ಲ. ಯಾವಾಗ್ಲೂ ಜೋಡಿ, ಒಂದರ ಕೈ ಒಂದು ಬಿಡಲ್ಲ. ಬಿಡಿಸಬೇಕು ಅಂದ್ರೆ ಎಷ್ಟೋ ಬೆಂಕಿ ಬೇಕು. ಆದ್ರೆ ಇದರ ಹತ್ರ ಬಂದ್ರೆ ನೋಡಿ, ತಾನಾಗೇ ಕೈ ಬಿಡ್ತವೆ. ಒಂದು ಇಲ್ಲಿ ಕೂರತ್ತೆ, ಒಂದು ಅಲ್ಲಿ. ಒಬ್ಬರ ತಲೆ ಮೇಲೂ ಕೂರಬಹುದು, ಇಬ್ಬರ ಮಧ್ಯೆನೂ ಕೂರಬಹುದು. ಹಾಗೆ ಬೇರೆ ಆದ ಮೇಲೇ ಅವು ಇನ್ನೊಂದರ ಜೊತೆ ಸೇರಿ ಕೆಲಸಕ್ಕೆ ಬರೋದು."

ಪ್ಲಾಟಿನಮ್ಮಿಗೆ ಏನೂ ಆಗುವುದಿಲ್ಲವೇ ಎಂದೆ.

"ಪುಸ್ತಕದಲ್ಲಿ ಆಗಲ್ಲ ಅಂತಲೇ ಬರೀತಾರೆ. ದೊಡ್ಡ ಗಟ್ಟಿಗೆ ಯಾರು ಬಂದು ಕೂತ್ರೂ ಗೊತ್ತಾಗಲ್ಲ. ಇಷ್ಟು ಸಣ್ಣ ಗುಂಪಿಗೆ ಬಂದೋರೆಲ್ಲ ಗೊತ್ತಾಗ್ತಾರೆ ಗೌರಮ್ಮ. ಒಂದು ಜೋಡಿ ಬಂದ್ರೆ ಸಾಕು, ಇವು ಸರಿದು ಕೂರ್ತವೆ. ಇನ್ನೂ ಬಂದ್ರೆ ಆಕಾರನೇ ಬೇರೆ." ಹೇಳುತ್ತಾ ಸಾಸಿವೆ ಸೇರಿಸುತ್ತಾ ಅವರೆಕಾಳುಗಳನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿದರು.

ನನಗೆ ಮಂಜುಳಾಳ ಮನೆ ಕಣ್ಣಮುಂದೆ ಬಂತು. ತಂದಿಟ್ಟ ಪುಟ್ಟ ಉಣ್ಣೆಯ ಟೋಪಿ, ತೊಟ್ಟಿಲಿಗೆ ಜಾಗವಾಗಲೆಂದು ತಿರುಗಿಸಿ ಹಾಕಿದ ಮಂಚ. "ಬಂದಿದ್ದು ಎದ್ದು ಹೋದ್ರೆ? ಮತ್ತೆ ಮೊದಲಿನ ಹಾಗೇ ಆಗ್ತವಾ?" ಎಂದು ಕೇಳಿದೆ.

ಮೇಡಂ ಸಾಸಿವೆ ಕಾಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. "ಗೊತ್ತಿಲ್ಲ. ಅದನ್ನೇ ನೋಡಬೇಕು ಅಂತಿದ್ದೆ. ಕಳೆದುಹಾಕಿದೆನಲ್ಲ ಆ ಬಟ್ಟಲು, ಅದರಲ್ಲಿ."

ನನ್ನ ಕೈಯಲ್ಲಿದ್ದ ಕಾಳು ಹಾಗೇ ನಿಂತಿತು. ನೀವು ಕಳೆಯಲಿಲ್ಲ ಮೇಡಂ, ನಾನು ತೊಳೆದೆ ಎಂದೆ. ನಾರು, ಪುಡಿ, ಹುಣಸೆಹಣ್ಣು ಎಲ್ಲ ಹೇಳಿದೆ. ಕಪಾಟು ಹೇಳಿದೆ. ಇಲ್ಲ ಅಂದದ್ದು ಹೇಳಿದೆ. ಆ ಪಾಪವೇ ಸುತ್ತಿಕೊಂಡು ನನ್ನ ಮಗಳಿಗೆ ಬಸಿರು ನಿಲ್ಲುತ್ತಿಲ್ಲ ಎಂದೂ ಹೇಳಿ ಅತ್ತೆ.

ಅವರು ಕ್ಷಮಿಸುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ನಿಂತರು.

"ಎಲ್ಲರೂ ನನಗೆ ವಯಸ್ಸಾಯ್ತು ಅಂದ್ರು. ನಾನೂ ಹೌದು ಅನ್ಕೊಂಡೆ ಗೌರಾ. ಬಟ್ಟಲು ಹೋದ್ರೆ ಇನ್ನೊಂದು ಮಾಡ್ತಿದ್ದೆ. ನನ್ನ ಕೈನ ನಾನೇ ನಂಬದ ಹಾಗೆ ಮಾಡಿದೆಯಲ್ಲ ನೀನು." ಬಾಗಿಲವರೆಗೆ ಹೋಗಿ ತಿರುಗಿದರು. "ಬಟ್ಟಲು ತೊಳೆದಿದ್ದಕ್ಕೆ ನಿನ್ನ ಮಗಳ ಮಗು ಹೋಗಲ್ಲ. ಅಂಥ ಮಾತು ಅವಳ ಕಿವಿಗೆ ಹಾಕಿದ್ರೆ ಮಾತ್ರ ನಿನ್ನನ್ನ ಬಿಡಲ್ಲ. ಈಗ ಹೋಗು."

ಅಷ್ಟು ವರ್ಷ ಗೌರಮ್ಮ, ನೀವು ಎಂದವರು ಕೋಪದಲ್ಲೇ ಗೌರಾ, ನೀನು ಎಂದಿದ್ದರು. ಹದಿನೆಂಟು ದಿನ ಕರೆಯಲಿಲ್ಲ. ನಾನು ದಿನಾ ಅದೇ ಹೊತ್ತಿಗೆ ಎದ್ದು, ತಲೆ ಬಾಚಿ, ಹೋಗಲು ಜಾಗವಿಲ್ಲದೆ ಕೂರುತ್ತಿದ್ದೆ. ಹತ್ತೊಂಬತ್ತನೇ ದಿನ ಫೋನ್ ಬಂತು. ಕೋಪ ಇನ್ನೂ ಹೋಗಿಲ್ಲ, ಆದರೆ ರಘು ಹೆಂಡತಿ ಮಾಡುವ ಕಾಫಿ ಕುಡಿಯುವುದಕ್ಕಿಂತ ನಿನ್ನ ಮುಖ ನೋಡುವುದೇ ವಾಸಿ ಎಂದರು. ಹೋದೆ. ಆಮೇಲೆ ಆ ಮಾತು ಇಬ್ಬರೂ ಎತ್ತಲಿಲ್ಲ. ಆದರೆ ಮನೆಯಲ್ಲಿದ್ದ ಚೀಟಿಗಳನ್ನೆಲ್ಲ ಅವರು ಕಿತ್ತುಹಾಕಿದ್ದರು. ಸಕ್ಕರೆ ಡಬ್ಬಿಯ ಮೇಲೆ ಗೋಂದಿನ ಕಲೆ ಮಾತ್ರ ಉಳಿದಿತ್ತು.

ಹೋದ ವರ್ಷ ಅವರಿಗೆ ಶ್ವಾಸಕೋಶ ಕೆಟ್ಟಿತು. ಮೂಗಿಗೆ ಆಕ್ಸಿಜನ್ ನಳಿಕೆ ಬಂತು. ಮೆಟ್ಟಿಲಿಳಿಯುವುದು ನಿಂತಿತು. ಜೀವಮಾನವೆಲ್ಲ ಹೈಡ್ರೋಜನ್ ಹಿಂದೆ ಹೋದೆ ಅಂತ ಆಕ್ಸಿಜನ್ನಿಗೆ ಹೊಟ್ಟೆಕಿಚ್ಚು ಎಂದು ನಗುತ್ತಿದ್ದರು, ನಕ್ಕರೆ ಕೆಮ್ಮು ಬರುತ್ತಿತ್ತು. ಅದೇ ಸಮಯಕ್ಕೆ ಮಂಜುಳಾಗೆ ಮತ್ತೆ ಮುಟ್ಟು ನಿಂತಿತು. ನಾನು ಯಾರಿಗೂ ಹೇಳಲಿಲ್ಲ, ಮೇಡಮ್ಮಿಗೆ ಹೇಳಿದೆ. ಅಂದಿನಿಂದ ಕ್ಯಾಲೆಂಡರಿನಲ್ಲಿ ಅವರು ವಾರ ವಾರ ಗುರುತು ಹಾಕುತ್ತಾ ಬಂದರು. ಡಾಕ್ಟರು ರಘುನಾಥರನ್ನು ಪಕ್ಕಕ್ಕೆ ಕರೆದು ಏನು ಹೇಳಿದ್ದರೋ ಅದು ಮೇಡಮ್ಮಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಮುಂಗೈ ಹಿಡಿದುಕೊಂಡರು.

"ಮಂಜು ಮಗುನ ನೋಡಿ ಹೋಗ್ತೀನಿ. ಬೇರೆ ಏನೂ ಕೇಳಲ್ಲ ನಿನ್ನ."

ಏಳನೇ ತಿಂಗಳು, ಎಂಟನೇ ತಿಂಗಳು. ಅವರು ಇಳಿದಂತೆಲ್ಲ ಅವಳು ತುಂಬಿಕೊಳ್ಳುತ್ತಿದ್ದಳು. ನಾನು ಎರಡೂ ಮನೆಯ ಮಧ್ಯೆ ಓಡಾಡುತ್ತಾ, ದಾರಿಯಲ್ಲಿ ಸಿಕ್ಕ ದೇವರಿಗೆಲ್ಲ ಕೈ ಮುಗಿಯುತ್ತಾ, ಒಬ್ಬರು ಬರುವವರೆಗೆ ಒಬ್ಬರು ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ದೇವರು ನನ್ನ ಮಾತು ನಡೆಸಿಕೊಟ್ಟ. ಮಗು ಬಂದಾಗ ಅವರಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿ ಹೆಣ್ಣು ಮೇಡಂ ಎಂದು ಹೇಳಿದೆ. ಅತ್ತ ಕಡೆ ಆಕ್ಸಿಜನ್ ಮೆಷಿನ್ನಿನ ಗುಯ್‌ಗುಡುವ ಸದ್ದು ಮಾತ್ರ. ಫೋಟೋ ಕಳಿಸುತ್ತೇನೆ ಎಂದೆ. "ಫೋಟೋ ನೋಡೋಕೆ ನಾನೇನು ಪಾಸ್‌ಪೋರ್ಟ್ ಆಫೀಸ್‌ನವಳಾ? ಕರ್ಕೊಂಡು ಬಾ" ಎಂದರು.

ಮಗು ಹುಟ್ಟಿದರೆ ನಮ್ಮಲ್ಲಿ ಪುರುಡು. ಹನ್ನೊಂದನೇ ದಿನ ಮನೆಯೆಲ್ಲ ತೊಳೆದು, ತಾಯಿ ಮಗುವಿಗೆ ನೀರು ಹಾಕುವವರೆಗೆ ಯಾರ ಮನೆಗೂ ಹೋಗುವ ಹಾಗಿಲ್ಲ. ಅದೂ ಕಾಯಿಲೆಯವರ ಮನೆಗೆ ಆಗಲೇ ಆಗದು. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡವಳು ನಾನು, ಮೂರನೆಯದಕ್ಕೆ ಒಂದು ನೇಮವನ್ನೂ ಮುರಿಯಲಾರದೆ ಹೋದೆ. ಹನ್ನೊಂದು ಕಳೆಯಲಿ ಮೇಡಂ, ಶುದ್ಧ ಮಾಡಿಕೊಂಡು ಬರುತ್ತೇನೆ, ಇದರಿಂದ ನಿಮಗೇನಾದರೂ ಆದರೆ ನಾನು ಬದುಕಲ್ಲ ಎಂದೆ. ಅವರು ಉಸಿರು ಕೂಡಿಸಿಕೊಂಡು ಹೇಳಿದರು:

"ಗೌರಾ, ನಿನ್ನ ತೊಳೆಯೋ ಚಟ ಇನ್ನೂ ಹೋಗ್ಲಿಲ್ವಲ್ಲೇ."

ನಗುತ್ತಲೇ ಹೇಳಿದ್ದು. ನಾನೂ ನಕ್ಕೆ. ಆಯಿತು, ಹನ್ನೊಂದಕ್ಕೇ ಬಾ ಎಂದರು.

ನಾಲ್ಕನೇ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಆಟೋ ಮಲ್ಲೇಶ್ವರದ ಮೇಲೇ ಬಂತು. ಅವರ ರಸ್ತೆಯ ತಿರುವಿನಲ್ಲಿ ಸಿಗ್ನಲ್ ಬಿದ್ದು ನಿಂತಿತು. ಅಲ್ಲಿಂದ ಅವರ ಮನೆಯ ಮಹಡಿ ಕಾಣುತ್ತದೆ. ಕಿಟಕಿ ತೆಗೆದಿತ್ತು. ಮಗು ನನ್ನ ತೋಳಿನಲ್ಲಿತ್ತು. ಮಂಜುಳಾ, "ಅಮ್ಮ, ಐದು ನಿಮಿಷ ಹೋಗಿ ಬರೋಣ್ವಾ?" ಎಂದಳು. ನಾನು ತಲೆಯಾಡಿಸಿ ಬೇಡ ಎಂದೆ. ಹಸಿರು ಬಂತು, ಆಟೋ ಹೊರಟಿತು. ಸಿಂಕಿನ ಮುಂದೆ ಮಾಡಿದ ತಪ್ಪಿಗೆ ಗೊತ್ತಿರಲಿಲ್ಲ ಎನ್ನುವ ನೆವ ಇತ್ತು. ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ರಘುನಾಥರು ಫೋನ್ ಮಾಡಿದರು. ಅಕ್ಕ ಮುಂಜಾನೆ ಹೋದರು ಎಂದರು. ನಾನು ಫೋನ್ ಹಿಡಿದು ಕೂತೇ ಇದ್ದೆ. ಮಂಜುಳಾ ಹಾಲು ಕುಡಿಸುತ್ತಿದ್ದವಳು ನನ್ನ ಮುಖ ನೋಡಿ ತಿಳಿದುಕೊಂಡಳು. ಮಗುವಿನ ಬಾಯಿ ಒರೆಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನನ್ನ ಮಡಿಲಲ್ಲಿ ಇಟ್ಟಳು.

"ತಗೊಂಡು ಹೋಗಮ್ಮ."

ಸಾವಿನ ಮನೆಗೆ ಕಣೇ ಎಂದೆ. "ಅದು ಮೇಡಂ ಮನೆ. ಹೋಗು" ಎಂದಳು.

ಗೇಟಿನ ಹತ್ತಿರ ಹತ್ತು ಹದಿನೈದು ಜನ ನಿಂತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ ಒಬ್ಬ ಹಿರಿಯ ಹೆಂಗಸು, ಹಸುಗೂಸನ್ನು ಇಲ್ಲಿಗೆ ತರುತ್ತಾರೇನಮ್ಮ, ನಿನಗೆ ಬುದ್ಧಿ ಬೇಡವೇ ಎಂದು ಅಡ್ಡ ಬಂದರು. ರಘುನಾಥರು ಅವರ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. "ಬಿಡಿ ಅತ್ತೆ. ಅಕ್ಕ ಕಾಯ್ತಿದ್ದಿದ್ದು ಇದಕ್ಕೇ" ಎಂದರು. ಹಿಂದಿನ ರಾತ್ರಿ ಮಲಗುವ ಮುಂಚೆಯೂ ಮೇಡಂ ಇನ್ನೆಷ್ಟು ದಿನ ಎಂದು ಕೇಳಿದ್ದರಂತೆ.

ನಡುಮನೆಯಲ್ಲಿ ಚಾಪೆಯ ಮೇಲೆ ಅವರನ್ನು ಮಲಗಿಸಿದ್ದರು. ಮೂಗಿನ ನಳಿಕೆ ತೆಗೆದಿದ್ದರು, ಅದರ ಗುರುತು ಎರಡೂ ಕೆನ್ನೆಯ ಮೇಲೆ ಇನ್ನೂ ಇತ್ತು. ನಾನು ಅವರ ಪಕ್ಕದಲ್ಲಿ ಕೂತು, ಬಟ್ಟೆ ಸರಿಸಿ, ಮಗುವಿನ ಮುಖವನ್ನು ಅವರ ಕಡೆಗೆ ತಿರುಗಿಸಿ ಹಿಡಿದೆ. ಅದಕ್ಕೆ ಎಚ್ಚರವಾಗಿ ಅಳತೊಡಗಿತು. ಸುತ್ತ ಇದ್ದವರು ಯಾರೂ ಸುಮ್ಮನಿರಿಸು ಎನ್ನಲಿಲ್ಲ.

ಬಂದ್ವಿ ಮೇಡಂ, ಎಂದೆ. ಎರಡು ದಿನ ಮುಂಚೇನೇ ಬಂದ್ವಿ.